ಮಾಯ್ ಬೆಳೆದ ಬೆಳ್ಳುಳ್ಳಿ

ಹೋದ ವಾರ ಸಂಜೆ ವಿಜಯನಗರದಲ್ಲಿ ಮೆಟ್ರೊ ಇಳಿದು ಮಾರ್ಕೆಟ್ ರಸ್ತೆಗೆ ಬರುವಷ್ಟರಲ್ಲಿ ಮಳೆ ಹೊಡೆಯಿತು. ಹೇಳದೆ ಕೇಳದೆ ಬರುವ ಏಪ್ರಿಲ್ ಮಳೆ. ತಳ್ಳುಗಾಡಿಯವರೆಲ್ಲ ಟಾರ್ಪಾಲು ಹುಡುಕುತ್ತಿದ್ದರು. ಬೆಳ್ಳುಳ್ಳಿ ಗುಡ್ಡೆ ಹಾಕಿಕೊಂಡು ಕೂತಿದ್ದ ಆಂಟಿಯೊಬ್ಬರು ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಟಾರ್ಪಾಲಿನ ಮೂಲೆ ಹಿಡಿದು ಒದ್ದಾಡುತ್ತಿದ್ದರು. ನಾನು ಬ್ಯಾಗು ಹೆಗಲಿಗೇರಿಸಿ ಓಡಿಹೋದೆ. ಗಾಳಿ ಬರುವ ಕಡೆಗೆ ಮೊದಲು ಕಲ್ಲಿಟ್ಟು, ಆಮೇಲೆ ಈಚೆ ಮೂಲೆ ಎಳೆದೆ.

"ಅಭ್ಯಾಸ ಇರೋ ಹಂಗಿದೆ ಮೇಡಂ," ಅಂದರು ಆಂಟಿ. "ಯಾವ ಕಡೆಯೋರು? ಹೊಲ ಗಿಲ ಇದೆಯಾ?"

"ಇಲ್ಲೇ ನಾಯಂಡಹಳ್ಳಿ."

"ನಾಯಂಡಹಳ್ಳೀಲಿ ಎಲ್ಲಿಂದ ಬಂತು ಬೆಳ್ಳುಳ್ಳಿ ಹೊಲ!"

ನಕ್ಕೆ. ಅಷ್ಟರಲ್ಲಿ ಟಾರ್ಪಾಲಿನ ಅಡಿಯಿಂದ ಆ ವಾಸನೆ ಎದ್ದಿತು. ಒಣಗಿದ ಬೆಳ್ಳುಳ್ಳಿ ಸಿಪ್ಪೆಯ ಮೇಲೆ ಮೊದಲ ಹನಿ ಬಿದ್ದಾಗ ಬರುವ ವಾಸನೆ. ಒಗ್ಗರಣೆಯ ಬೆಳ್ಳುಳ್ಳಿ ಮಾತ್ರ ಗೊತ್ತಿರುವವರಿಗೆ ಅದು ತಿಳಿಯುವುದಿಲ್ಲ. ನನಗೆ ಆ ವಾಸನೆಯ ಜೊತೆ ಒಂದು ಊರು ಬರುತ್ತದೆ. ತೈವಾನಿನ ಪಡುವಣ ಕರಾವಳಿಯ ಒಂದು ಸಣ್ಣ ಊರು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಂದು ಬೆಳೆಯ ಕಾಲ ಇದ್ದೆ. ನಾಟಿ ಮುಗಿದಮೇಲೆ ಹೋದೆ, ಕೊಯ್ಲು ಮುಗಿಸಿ ಬಂದೆ.

ಹೇಳಿದರೆ ಹೊಗಳಿಕೊಂಡ ಹಾಗಾಗುತ್ತದೆ, ಆದರೂ ಹೇಳುತ್ತೇನೆ: ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವರು. ಅಮ್ಮ ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದಳು. ಆಟೊದಲ್ಲಿ ಮೂಟೆ ಬಂದು ಬೀಳುತ್ತಿತ್ತು, ಸಾಯಂಕಾಲ ಸುಲಿದ ಬೆಳ್ಳುಳ್ಳಿ ಡಬ್ಬದಲ್ಲಿ ಹೋಗುತ್ತಿತ್ತು. ನಾನು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಓದುತ್ತಲೇ ಸುಲಿಯುತ್ತಿದ್ದೆ. ಹೆಬ್ಬೆರಳಿನ ಉಗುರಿನ ಸಂದಿ ಉರಿಯುತ್ತಿತ್ತು. ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, "ಏನೇ ನೇತ್ರಾ, ಕಬಾಬ್ ಅಂಗಡಿ ಇಟ್ಟಿದೀಯೇನೇ?" ಅಂತ ಇಡೀ ಕ್ಲಾಸಿಗೆ ಕೇಳಿಸುವ ಹಾಗೆ ಅನ್ನುತ್ತಿದ್ದಳು.

ಎಸ್ಸೆಸ್ಸೆಲ್ಸಿ ಆದಮೇಲೆ ಅಪ್ಪ ಹೇಳಿದ್ದು ಒಂದೇ ಮಾತು. "ನೋಡಮ್ಮ, ಪಿಯುಸಿ ಒಂದ್ಸಲ ಬರಿ. ಪಾಸಾದ್ರೆ ಎಲ್ಲೀತನಕ ಓದ್ತೀಯೋ ಓದು. ಫೇಲಾದ್ರೆ ಮಾರನೇ ದಿನಾನೇ ಗಾರ್ಮೆಂಟ್ಸು." ಅದರಲ್ಲಿ ಸಿಟ್ಟಿರಲಿಲ್ಲ. ಅವರ ಕೈಲಿದ್ದದ್ದೇ ಒಂದು ಚಾನ್ಸು, ಅದನ್ನು ಪೂರ್ತಿಯಾಗಿ ಕೊಟ್ಟರು. ನಾನು ಪಾಸಾದೆ. ಕೃಷಿ ಡಿಗ್ರಿ ಮಾಡಿದೆ. ಮುಂದೆ ತೈವಾನಿನ ಒಂದು ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಬೆಳ್ಳುಳ್ಳಿ ಹೇಗೆ ಒಣಗಿದರೆ ಕೆಡದೆ ನಿಲ್ಲುತ್ತದೆ ಅನ್ನುವುದು ನಾನು ಆರಿಸಿಕೊಂಡ ವಿಷಯ. ಅದನ್ನೇ ಯಾಕೆ ಅಂತ ಅಲ್ಲಿನ ಪ್ರೊಫೆಸರು ಕೇಳಿದಾಗ, "ನಮ್ಮ ಮನೆಯವರನ್ನೆಲ್ಲ ಸಾಕಿದ್ದು ಅದು" ಅಂದೆ. ಅವರು ಮತ್ತೇನೂ ಕೇಳದೆ, ಬೆಳ್ಳುಳ್ಳಿ ಬೆಳೆಯುವ ಕರಾವಳಿಯ ಆ ಊರಿಗೆ ಕಳಿಸಿದರು.

ಬಸ್ಸು ನನ್ನನ್ನಿಳಿಸಿ ಹೋದಮೇಲೆ ಕೇಳಿಸಿದ್ದು ಗಾಳಿ ಮಾತ್ರ. ನವೆಂಬರ್ ತಿಂಗಳು. ಅಲ್ಲಿ ಚಳಿಗಾಲ ಪೂರ್ತಿ ಈಶಾನ್ಯದಿಂದ ಒಂದೇ ಸಮನೆ ಗಾಳಿ ಬೀಸುತ್ತದೆ. ಸಮುದ್ರದ ದಂಡೆಯುದ್ದಕ್ಕೂ ನೆಟ್ಟ ಸರ್ವೆ ಮರಗಳೆಲ್ಲ ಒಂದೇ ಕಡೆಗೆ ವಾಲಿ ನಿಂತಿದ್ದವು. ಗಾಳಿಯಲ್ಲಿ ಉಪ್ಪು, ಸಣ್ಣ ಮರಳು. ಕೆಂಪು ಹೆಂಚಿನ ತಗ್ಗು ಮನೆಗಳು. ಮನೆಗಿಂತ ದೊಡ್ಡ ದೇವಸ್ಥಾನ. ಸಮುದ್ರದ ಕಟ್ಟೆಯ ಈಚೆಗೆ ಮೀನಿನ ಕೊಳಗಳು, ಅದರಾಚೆ ಕಣ್ಣು ಹಾಯುವತನಕ ಬೆಳ್ಳುಳ್ಳಿಯ ಹಸಿರು. ಬೀದಿಯಲ್ಲಿ ಜನರಿಲ್ಲ, ಹಾರ್ನಿಲ್ಲ. ಮೈಸೂರು ರೋಡಿನ ಲಾರಿಗಳ ಸದ್ದಿನಲ್ಲಿ ಹುಟ್ಟಿ ಬೆಳೆದ ನನಗೆ ಮೊದಲ ದಿನಗಳಲ್ಲಿ ಆ ನಿಶ್ಶಬ್ದಕ್ಕೇ ತಲೆನೋವು ಬರುತ್ತಿತ್ತು.

ನಿಧಾನಕ್ಕೆ ಊರು ಕಣ್ಣಿಗೆ ಬಿತ್ತು. ಬೆಳಗಿನ ಜಾವಕ್ಕೇ ಹೊಲದಲ್ಲಿ ಹೂವಿನ ಬಟ್ಟೆಗಳು ಓಡಾಡುತ್ತಿದ್ದವು. ಹತ್ತಿರ ಹೋದರೆ ಅವು ಹೆಂಗಸರು. ಬಿದಿರಿನ ಟೋಪಿ ಹಾಕಿ, ಅದರ ಮೇಲಿಂದ ಕಣ್ಣು ಬಿಟ್ಟು ಮುಖವೆಲ್ಲ ಹೂವಿನ ಬಟ್ಟೆಯಲ್ಲಿ ಸುತ್ತಿಕೊಂಡವರು. ಬಹುಪಾಲು ಅಜ್ಜಿಯರೇ. ಸೊಂಟ ಬಗ್ಗಿದ್ದರೂ ಸಾಲು ನೆಟ್ಟಗಿರುತ್ತಿತ್ತು. ಸಮುದ್ರ ಹಿಂದೆ ಸರಿದಾಗ ಅವರೇ ಬೂಟು ಹಾಕಿಕೊಂಡು ಕೆಸರಿಗಿಳಿದು ಸಿಂಪಿ ತೆಗೆಯುತ್ತಿದ್ದರು. ಎದುರಿಗೆ ಸಿಕ್ಕ ಯಾರೇ ಆಗಲಿ ಮೊದಲು ಕೇಳುತ್ತಿದ್ದದ್ದು "ತಿಂದಾಯ್ತಾ?" ಅಂತ. ಎಲ್ಲಿಂದ ಬಂದೆ, ಏನು ಓದಿದೀಯ, ಎಲ್ಲ ಆಮೇಲೆ. ಅವರ ಮಾತು ಬರದಿದ್ದಾಗಲೂ ಈ ಪ್ರಶ್ನೆ ಮಾತ್ರ ನನಗೆ ಅರ್ಥವಾಗುತ್ತಿತ್ತು. ನಮ್ಮ ಬೀದಿಯಲ್ಲೂ ಎಲ್ಲರೂ ಕೇಳುವುದು ಅದನ್ನೇ ತಾನೆ.

ಸಂಜೆ ಎಲ್ಲಿಂದಲೋ ಪಿಯಾನೊ ಸಂಗೀತ ಹಾಕಿಕೊಂಡು ಹಳದಿ ಲಾರಿಯೊಂದು ಬರುತ್ತಿತ್ತು. ಮೊದಲ ದಿನ ಐಸ್‌ಕ್ರೀಂ ಗಾಡಿ ಅಂದುಕೊಂಡು ಹೊರಗೋಡಿದೆ. ಊರವರೆಲ್ಲ ಕಸದ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಅದೇನ್ ಮಹಾ, ನಮ್ ಬೀದೀಗೂ ಕಸದ ಗಾಡಿ ಹಾಡು ಹಾಕ್ಕೊಂಡೇ ಬರುತ್ತೆ. ಏನಂದ್ರೆ, ನಿಲ್ಲಲ್ಲ ಅಷ್ಟೇ," ಅಂದಳು.

ನಾನಿದ್ದದ್ದು ಅಮಾ ಅವರ ಮನೆಯಲ್ಲಿ. ಅಮಾ ಅಂದರೆ ಅವರ ಭಾಷೆಯಲ್ಲಿ ಅಜ್ಜಿ. ಹಿಂದಿನ ಬೇಸಿಗೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ವಾಕರ್ ಹಿಡಿದು ನಡೆಯುತ್ತಿದ್ದರು, ಬಗ್ಗಲು ಆಗುತ್ತಿರಲಿಲ್ಲ. ಮಗ ಅಬಿಂಗ್ ಬಂದರಿಗೆ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಸೊಸೆ ಮಾಯ್. ಮಾಯ್ ಆ ಊರಿನವಳಲ್ಲ, ಆ ದೇಶದವಳೂ ಅಲ್ಲ. ವಿಯೆಟ್ನಾಮಿನಿಂದ ಮದುವೆಯಾಗಿ ಬಂದವಳು. ಅಮಾಗೆ ಊರಿನ ಭಾಷೆ ಮಾತ್ರ ಬರುತ್ತಿತ್ತು. ನಾನು ಕಲಿತಿದ್ದ ಅಲ್ಪಸ್ವಲ್ಪ ಚೀನೀ ಭಾಷೆಯನ್ನು ಮಾಯ್ ಅಮಾಗೆ ದಾಟಿಸುತ್ತಿದ್ದಳು, ಅಮಾ ಹೇಳಿದ್ದನ್ನು ನನಗೆ. ಇಬ್ಬರು ಪರದೇಶದವರು ಸೇರಿ ಆ ಮುದುಕಿಯ ಜೊತೆ ಸಂಸಾರ ಮಾಡಿದೆವು.

ಇಂಡಿಯಾದವರೆಲ್ಲ ಸೊಪ್ಪು ತಿನ್ನುವವರು ಅಂತ ಯಾರೋ ಅಮಾಗೆ ಹೇಳಿದ್ದರು. ಹಾಗಾಗಿ ಮೊದಲ ವಾರ ನನ್ನ ತಟ್ಟೆಗೆ ಬರೀ ಸೊಪ್ಪು, ಪನೀರಿನಂಥ ಸೋಯಾ ತೋಫು. ಅವರ ತಟ್ಟೆಯಲ್ಲಿ ಹುರಿದ ಮೀನು. ನಾನು ಬೋಟಿ ಗೊಜ್ಜು, ಮುದ್ದೆ ತಿಂದು ಬೆಳೆದವಳು. ಕೊನೆಗೆ ತಡೆಯಲಾರದೆ ಕೇಳಿಬಿಟ್ಟೆ. "ಅಕ್ಕ, ಆ ಮೀನಿನ ತಲೆ ಯಾರಿಗಾದ್ರೂ ಬೇಕಾ?"

ಮಾಯ್ ಅದನ್ನು ಅಮಾಗೆ ದಾಟಿಸಿದಾಗ ಅವರು ಚಾಪ್‌ಸ್ಟಿಕ್ಕು ಕೆಳಗಿಟ್ಟು ನನ್ನನ್ನೇ ನೋಡಿದರು. "ಪಾಪ, ಒಂದು ವಾರದಿಂದ ಬಾಯಿ ಕಟ್ಟಿಕೊಂಡು ಕೂತಿದಾಳೆ!" ಅಂದು ಇಡೀ ಮೀನನ್ನು ನನ್ನ ಕಡೆಗೆ ತಳ್ಳಿದರು.

ಆ ಮನೆಯಲ್ಲಿ ಆ ವರ್ಷ ಏನು ನಡೆಯುತ್ತಿದೆ ಅನ್ನುವುದು ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಆಸುಪಾಸಿನ ಕೆಲವು ಹೊಲಗಳಲ್ಲಿ ಆಗಲೇ ಬೆಳೆಯ ಬದಲು ಸೋಲಾರ್ ಹಲಗೆಗಳು ಎದ್ದಿದ್ದವು. ಅಮಾ ಬಿದ್ದಮೇಲೆ ಅಬಿಂಗ್ ತಮ್ಮ ಹೊಲವನ್ನೂ ಅದಕ್ಕೇ ಗುತ್ತಿಗೆ ಕೊಡೋಣ ಅಂದಿದ್ದ. ಗೇಯುವವರಿಲ್ಲ, ತಾನು ಲಾರಿ ಕೆಲಸ ಬಿಡುವ ಹಾಗಿಲ್ಲ ಅನ್ನುವುದು ಅವನ ಮಾತು. ಸುಳ್ಳೇನಲ್ಲ. ಆಗ ಮಾಯ್, "ನಾನು ಬೆಳೀತೀನಿ" ಅಂದಳಂತೆ. ಅಷ್ಟು ವರ್ಷ ಅತ್ತೆಯ ಹಿಂದೆ ಹೊಲಕ್ಕೆ ಹೋದವಳು, ಆದರೆ ಏನು ಯಾವಾಗ ಅನ್ನುವುದನ್ನು ಅವಳು ಯಾವತ್ತೂ ತೀರ್ಮಾನಿಸಿದವಳಲ್ಲ. ಅಮಾ ಯೋಚಿಸಿ ಹೇಳಿದ್ದು ಇಷ್ಟು: "ಈ ಒಂದು ಬೆಳೆ ನೋಡೋಣ. ಬೆಳ್ಳುಳ್ಳಿ ಒಣಗಿ ಮನೆ ಸೇರಿದ್ರೆ ಹೊಲ ಇವಳದು. ಹೊಲದಲ್ಲೇ ಕೊಳೆತ್ರೆ ಹಲಗೆ ಹಾಕಿಸ್ಕೋ."

ಮಾಯ್ ಇದನ್ನು ನನಗೆ ಹೇಳಿದ್ದು ಕಳೆ ಕೀಳುವಾಗ. ನಾನು ಅಪ್ಪನ ಪಿಯುಸಿ ಮಾತನ್ನು ಹೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿ, ಮುಖದ ಬಟ್ಟೆ ಸರಿಸಿ, "ಫೇಲಾಗಿದ್ರೆ?" ಅಂತ ಕೇಳಿದಳು.

"ಬಟ್ಟೆ ಹೊಲೀತಿದ್ದೆ."

"ನಾನು ಹೊಲಿಯೋದು ಬಿಟ್ಟೇ ಇಲ್ಲಿಗೆ ಬಂದಿದ್ದು," ಅಂದಳು. ಅವಳೂ ಹುಡುಗಿಯಾಗಿದ್ದಾಗ ತನ್ನೂರ ಕಡೆಯ ಗಾರ್ಮೆಂಟ್ಸಿನಲ್ಲಿದ್ದಳಂತೆ. ಇಬ್ಬರೂ ಗಾಳಿಯಲ್ಲಿ ಗಟ್ಟಿಯಾಗಿ ನಕ್ಕೆವು.

ಆ ಚಳಿಗಾಲ ಅವಳು ಕೆಲಸ ಮಾಡಿದ್ದನ್ನು ನೋಡಿದರೆ ಯಾರಿಗಾದರೂ ಗೌರವ ಬರಬೇಕು. ಹುಲ್ಲು ಹೊದಿಸಿದ ಸಾಲುಗಳ ನಡುವೆ ಕುಳಿತೇ ಸರಿಯುತ್ತಾ ಒಂದೊಂದು ಗಿಡವನ್ನೂ ಮುಟ್ಟಿ ನೋಡುತ್ತಿದ್ದಳು. ಗಾಳಿಗೆ ಹುಲ್ಲು ಹಾರಿದರೆ ಮತ್ತೆ ಹೊದಿಸುತ್ತಿದ್ದಳು. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆಯಿರಲಿಲ್ಲ. ಪಕ್ಕದ ಹೊಲದ ಅಜ್ಜನೊಬ್ಬ ಟ್ರ್ಯಾಕ್ಟರ್ ನಿಲ್ಲಿಸಿ, "ಏನಮ್ಮಾ, ನಿಮ್ ದೇಶದಲ್ಲಿ ಬೆಳ್ಳುಳ್ಳೀನ ಹಿಂಗೆ ಮುದ್ದು ಮಾಡ್ತಾರಾ?" ಅಂತ ಕಿಚಾಯಿಸುತ್ತಿದ್ದ. ಮಾಯ್ ತಲೆ ಎತ್ತದೆ, "ಹೂಂ ಮಾವ, ನಿಮ್ ಹೊಲದ್ದು ನೋಡಿದ್ರೆ ಪಾಪ ಯಾರೂ ಮುದ್ದು ಮಾಡಿಲ್ಲ ಅನ್ಸುತ್ತೆ," ಅನ್ನುತ್ತಿದ್ದಳು. ಅಜ್ಜ ಬೈದುಕೊಂಡೇ ಹೋಗುತ್ತಿದ್ದ. ಆದರೆ ಎಲೆಗೆ ಹಳದಿ ಚುಕ್ಕೆ ಬಂದಾಗ ಏನು ಹೊಡೆಯಬೇಕು ಅಂತ ಬಂದು ಹೇಳಿದವನೂ ಅವನೇ.

ಮಾರ್ಚ್ ಕೊನೆಗೆ ಗಾಳಿ ಇಳಿಯಿತು, ಎಲೆ ಕಂದಿತು. ಊರೆಲ್ಲ ಬೆಳ್ಳುಳ್ಳಿ ಕಿತ್ತರು. ಮಾಯ್ ಮಾತ್ರ ಗಡ್ಡೆ ಇನ್ನಷ್ಟು ತುಂಬಲಿ ಅಂತ ಸ್ವಲ್ಪ ತಡೆದಳು. ಅದು ಅವಳ ಮೊದಲ ಸ್ವಂತ ತೀರ್ಮಾನ. ಕಿತ್ತಾಗ ನೋಡಬೇಕಿತ್ತು, ಒಂದೊಂದು ಗಡ್ಡೆಯೂ ಮುಷ್ಟಿಗೆ ತುಂಬುವಷ್ಟು. ಕಿತ್ತ ಬೆಳ್ಳುಳ್ಳಿಯನ್ನು ಹೊಲದಲ್ಲೇ ಸಾಲಾಗಿ ಮಲಗಿಸುತ್ತಾರೆ, ಒಂದು ಸಾಲಿನ ಎಲೆ ಮುಂದಿನ ಸಾಲಿನ ಗಡ್ಡೆಗೆ ನೆರಳಾಗುವ ಹಾಗೆ. ಕೆಲವು ದಿನ ಬಿಸಿಲು ಕುಡಿಯಬೇಕು. ಆ ಹೊತ್ತಿಗೆ ಮಳೆ ಬಿದ್ದರೆ ಮುಗಿಯಿತು, ಸಿಪ್ಪೆ ಕಪ್ಪಾಗಿ ಒಳಗೇ ಕೊಳೆಯುತ್ತದೆ. ಆ ದಿನಗಳಲ್ಲಿ ಇಡೀ ಊರಿಗೆ ಬೆಳ್ಳುಳ್ಳಿಯದೇ ವಾಸನೆ. ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ಒಗೆದ ಬಟ್ಟೆಯಲ್ಲಿ ಎಲ್ಲ ಕಡೆ. ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಅಂಗಡಿಯ ಹುಡುಗಿ ನನ್ನ ಕೈ ಮೂಸಿ ನೋಡಿ, "ಒಣಗ್ತಾ ಬಂದಿದೆ," ಅಂದಳು. ಆ ದಿನ ರಾಜಕುಮಾರಿಯ ಹಾಗೆ ಕೈ ಬೀಸಿಕೊಂಡು ಮನೆಗೆ ಬಂದೆ.

ಅಷ್ಟರಲ್ಲಿ ಚಿಂಗ್‌ಮಿಂಗ್ ಬಂತು. ಸಮಾಧಿಗಳನ್ನು ಗುಡಿಸಿ, ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ. ನಮ್ಮ ಪಿತೃಪಕ್ಷದ ಹಾಗೆ, ಅಲ್ಲಿ ಏಪ್ರಿಲಿನಲ್ಲಿ. ಆ ದಿನ ಮಧ್ಯಾಹ್ನದ ಮೇಲೆ ಮಳೆ ಅಂತ ಟೀವಿಯವರು ಹೇಳಿದ್ದರು. ಬೆಳಿಗ್ಗೆ ಎಡೆ ಮುಗಿಸಿ, ಮಧ್ಯಾಹ್ನದೊಳಗೆ ಎಲ್ಲರೂ ಹೊಲಕ್ಕಿಳಿದು ಬೆಳ್ಳುಳ್ಳಿ ಎತ್ತಿಬಿಡುವುದು ಅಂತ ಮಾಯ್ ಲೆಕ್ಕ ಹಾಕಿದ್ದಳು. ಹಬ್ಬಕ್ಕೆ ಅಬಿಂಗ್ ಕೂಡ ಬಂದಿದ್ದ.

ಹಿಂದಿನ ಸಂಜೆ ಅಮ್ಮನ ಫೋನು.

"ಅವರೂ ಎಡೆ ಇಡ್ತಾರೇನೇ?" ಅಮ್ಮನಿಗೆ ಖುಷಿಯೋ ಖುಷಿ. "ಏನೇನ್ ಮಾಡ್ತಾರೆ?"

"ಕೋಳಿ, ಮೀನು, ಹಂದಿ. ತೆಳು ರೊಟ್ಟೀಲಿ ತರಕಾರಿ, ಕಡಲೆಬೀಜದ ಪುಡಿ ಸುತ್ತಿ ಇಡ್ತಾರೆ. ಆಮೇಲೆ ಸಾರಾಯಿ."

"ಸಾರಾಯೀನಾ? ನಿಮ್ ತಾತ ಅಲ್ಲೇ ಹುಟ್ಟಬೇಕಿತ್ತು ಬಿಡು. ನೋಡೇ, ಸ್ನಾನ ಮಾಡ್ಕೊಂಡೇ ಎಡೆ ಮುಟ್ಟು. ಇಟ್ಟಾದ್ಮೇಲೆ ಬಾಗಿಲು ಎಳಕೊಂಡು ಈಚೆ ಬಂದ್ಬಿಡು. ಅವರು ತಿನ್ನೋವಾಗ ನಾವು ನಿಂತ್ಕೊಂಡು ನೋಡಬಾರದು."

"ಗೊತ್ತು ಕಣಮ್ಮ."

ಬೆಳಿಗ್ಗೆ ನಡುಮನೆಯಲ್ಲಿ ಹಿರಿಯರ ಹೆಸರಿನ ಹಲಗೆಯ ಮುಂದೆ ಮೇಜು ಹಾಕಿದೆವು. ಚಳಿಗಾಲವೆಲ್ಲ ಗಾಳಿಗೆ ಮುಚ್ಚಿಯೇ ಇದ್ದ ಮುಂಬಾಗಿಲನ್ನು ಮಾಯ್ ತೆರೆದಳು. ಮೀನು, ಕೋಳಿ, ಅನ್ನದ ಬಟ್ಟಲು, ಸಾಲಾಗಿ ಸಾರಾಯಿ ಲೋಟ. ಅಮಾ ಊದುಬತ್ತಿ ಹಚ್ಚಿ ಎಲ್ಲರನ್ನೂ ಹೆಸರು ಹಿಡಿದು ಕರೆದರು: ತಮ್ಮ ಗಂಡ, ಅತ್ತೆ, ಮಾವ, ಅದಕ್ಕೂ ಹಿಂದಿನವರು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಕೊನೆಗೆ ಹೊರಬಂದವಳು ನಾನು. ಮುಂಬಾಗಿಲನ್ನು ಸದ್ದಾಗದ ಹಾಗೆ ಎಳೆದು ಮುಚ್ಚಿದೆ. ಇದನ್ನು ಮಾಡಿದ್ದು ನಾನೋ ನಮ್ಮಮ್ಮನೋ ಹೇಳಲಾರೆ. ಹುಟ್ಟಿದಾಗಿನಿಂದ ಎಡೆ ಇಟ್ಟಮೇಲೆ ಬಾಗಿಲು ಮುಚ್ಚಿದ್ದನ್ನೇ ನೋಡಿದ ಕೈ ತಾನಾಗಿ ಮುಚ್ಚಿತು.

ಊದುಬತ್ತಿ ಮುಕ್ಕಾಲು ಉರಿದಮೇಲೆ ಹಿರಿಯರನ್ನು ಊಟ ಆಯ್ತಾ ಅಂತ ಕೇಳಬೇಕು. ಅಲ್ಲಿ ಹಾಗೆ ಊಹಿಸಿಕೊಂಡು ಎಡೆ ತೆಗೆಯುವುದಿಲ್ಲ, ಕೇಳಿಯೇ ತೆಗೆಯುತ್ತಾರೆ. ಎರಡು ನಾಣ್ಯ ನೆಲಕ್ಕೆ ಬಿಡುತ್ತಾರೆ. ಒಂದು ಮೊಗ ಮೇಲೆ, ಇನ್ನೊಂದು ಬೆನ್ನು ಮೇಲೆ ಬಿದ್ದರೆ ಆಯ್ತು ಅಂತ. ಎರಡೂ ಒಂದೇ ಥರ ಬಿದ್ದರೆ ಇನ್ನೂ ಇಲ್ಲ ಅಂತ. ನಾವೆಲ್ಲ ಅಡುಗೆಮನೆಯಲ್ಲಿ ಕೈ ತೊಳೆದು ಒಳಬಾಗಿಲಿನಿಂದಲೇ ನಡುಮನೆಗೆ ಬಂದೆವು. ಅಮಾ ಮುಂಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರು. ಅವರಿಗೆ ಬಗ್ಗಲಾಗದ್ದರಿಂದ ನಾಣ್ಯ ಎತ್ತಿಕೊಡುವ ಕೆಲಸ ನನ್ನದು.

"ತಿಂದಾಯ್ತಾ?" ನಾಣ್ಯ ಬಿಟ್ಟರು. ಎರಡೂ ಮೊಗ. ಇಲ್ಲ.

ಸ್ವಲ್ಪ ಕಾದರು. ಮತ್ತೆ ಬಿಟ್ಟರು. ಇಲ್ಲ.

"ಇವರಿಗೆ ಕುಡಿಯೋಕೆ ಕಡಿಮೆ ಆಯ್ತೇನೋ," ಅಂತ ಗಂಡನ ಲೋಟಕ್ಕೆ ಇನ್ನಷ್ಟು ಸುರಿಸಿದರು. ಇಲ್ಲ. "ನಮ್ಮತ್ತೆ ಇರಬೇಕು. ಬದುಕಿದ್ದಾಗಲೂ ಎಲ್ಲರ ಊಟ ಆದ್ರೂ ಅವರದ್ದು ಮುಗೀತಿರಲಿಲ್ಲ. ಮೀನಿನ ತಲೆ ಆ ಕಡೆ ತಿರುಗಿಸು." ತಿರುಗಿಸಿದೆ. ಇಲ್ಲ.

ಮಾಯ್ ಮೆಲ್ಲಗೆ ಹೇಳಿದಳು, "ಅತ್ತೆ, ರೊಟ್ಟಿ ನಾನು ಮನೇಲಿ ಮಾಡಿದ್ದಲ್ಲ. ಮಾರ್ಕೆಟ್ಟಿಂದ ತಂದೆ."

"ಅದು ನನಗೆ ನೋಡಿದ ತಕ್ಷಣಾನೇ ಗೊತ್ತಾಯ್ತು. ಅವರಿಗೂ ಗೊತ್ತಾಗಿರುತ್ತೆ," ಅಂದು ಅಮಾ ಅದನ್ನೂ ಕೇಳಿದರು. ಅದಕ್ಕೂ ಅಲ್ಲ.

ಹೊರಗೆ ದೂರದಲ್ಲಿ ಗುಡುಗಿತು. ಸಮುದ್ರದ ಕಡೆಯಿಂದ. ಮಾಯ್‌ಳ ಮುಖ ಬಿಳುಚಿತು. "ಅತ್ತೆ, ನಾನು ಹೊಲಕ್ಕೆ ಹೋಗ್ತೀನಿ. ನೀವು ಕೇಳ್ತಾ ಇರಿ."

"ಊಟಕ್ಕೆ ಕೂತವರನ್ನ ಬಿಟ್ಟು ಎದ್ದು ಹೋಗ್ತಾರೇನೇ?" ಅಂದರು ಅಮಾ. ಗದರಿದ್ದಲ್ಲ, ಅಂಥದ್ದನ್ನು ಅವರು ಎಂದೂ ಕಂಡೇ ಇರಲಿಲ್ಲ. ಮಾಯ್ ನಿಂತಲ್ಲೇ ನಿಂತಳು. ಬೆರಳುಗಳು ಮಾತ್ರ ಏಪ್ರನ್ನಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಇದ್ದವು. ಆ ಸಾಲುಗಳಲ್ಲಿ ಅವಳ ಚಳಿಗಾಲ ಪೂರ್ತಿ ಮಲಗಿತ್ತು. ಮಳೆ ಅದರ ಮೇಲೆ ಬಿದ್ದರೆ ಆಮೇಲೆ ಅಲ್ಲಿ ಏಳುವುದು ಸೋಲಾರ್ ಹಲಗೆ.

ಆಗ ಅಬಿಂಗ್ ಗಂಟಲು ಸರಿಮಾಡಿಕೊಂಡ. ತಾಯಿಯನ್ನು ನೋಡಲಿಲ್ಲ, ಅಪ್ಪನ ಹೆಸರಿದ್ದ ಹಲಗೆಯನ್ನು ನೋಡಿದ.

"ನನ್ನಿಂದ ಇರಬೇಕಮ್ಮ. ಸೋಲಾರ್ ಕಂಪನಿಯವರಿಗೆ ನಾನು ಮಾತು ಕೊಟ್ಟುಬಿಟ್ಟಿದೀನಿ. ಹೋದ ತಿಂಗಳೇ. ಬೆಳೆ ಹೆಂಗೂ ಕೈಗೆ ಹತ್ತಲ್ಲ ಅಂತ."

ಮಾಯ್ ಗಂಡನ ಕಡೆ ತಿರುಗಿದಳು. "ನಾನು ಹುಲ್ಲು ಹೊದಿಸ್ತಾ ಇದ್ದಾಗ?" ಅಷ್ಟೇ ಕೇಳಿದ್ದು.

ಅಮಾ ನನ್ನ ಕಡೆ ಕೈ ಚಾಚಿದರು. ನಾಣ್ಯ ಕೊಟ್ಟೆ. "ಇದಕ್ಕೇ ಸಿಟ್ಟಾ?" ಅಂತ ಕೇಳಿ ಬಿಟ್ಟರು. ಒಂದು ನಾಣ್ಯ ಅವರ ಕಾಲ ಬಳಿಯೇ ಬಿತ್ತು. ಇನ್ನೊಂದು ಉರುಳಿಕೊಂಡು ನನ್ನ ಹಿಂದೆ, ಮುಂಬಾಗಿಲ ತನಕ ಹೋಗಿ ಹೊಸ್ತಿಲಿಗೆ ಬಡಿದು ಬಿತ್ತು. ಎತ್ತಲು ಹೋದೆ. ಎರಡೂ 'ಬೆನ್ನು', ಇದಕ್ಕೂ ಅಲ್ಲ. ತಲೆ ಎತ್ತಿದರೆ ಎದುರಿಗೆ ಮುಚ್ಚಿದ ಬಾಗಿಲು, ಸಂದಿಯಲ್ಲಿ ಗೆರೆಯಷ್ಟು ಬೆಳಕು. ಬೆಳಿಗ್ಗೆ ಎಡೆ ಇಡುವ ಮೊದಲು ಮಾಯ್ ಇದನ್ನು ಯಾಕೆ ತೆರೆದಳು ಅಂತ ಆಗ ಹೊಳೆಯಿತು.

"ಅಮಾ, ಈ ಬಾಗಿಲು..."

ಅಮಾ ಕುರ್ಚಿಯಲ್ಲೇ ತಿರುಗಿ ನೋಡಿದರು. "ಯಾರು ಮುಚ್ಚಿದ್ದು?"

"ನಾನೇ. ನಮ್ ಕಡೆ ಎಡೆ ಇಟ್ಟಾದ್ಮೇಲೆ ಬಾಗಿಲು ಹಾಕ್ತೀವಿ. ಅವರು ನಾಚ್ಕೊಳ್ದೆ ತಿನ್ನಲಿ ಅಂತ."

ಮಾಯ್ ದಾಟಿಸಿದಳು. ಅಮಾ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. "ಅಯ್ಯೋ ದೇವರೇ! ಇಷ್ಟೊತ್ತೂ ಎಲ್ಲರೂ ಬೀದೀಲಿ ನಿಂತಿದಾರೆ! ನಮ್ಮತ್ತೇನೂ!" ಅಂದು ನಗಲು ಶುರುಮಾಡಿದರು. ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ. "ನಿಮ್ಮೋರಿಗೆ ತಿನ್ನೋಕೆ ನಾಚಿಕೆ ಏನೇ? ನಮ್ಮೋರಿಗೆ ಅದೆಲ್ಲ ಇಲ್ಲ. ತೆಗಿ, ತೆಗಿ!"

ತೆಗೆದೆ. ಮಳೆಗಾಳಿ ಒಮ್ಮೆಗೇ ನುಗ್ಗಿ ಊದುಬತ್ತಿಯ ಬೂದಿಯೆಲ್ಲ ಎದ್ದು ಅಮಾ ಅವರ ತಲೆಯ ಮೇಲೆ ಬಿತ್ತು. ಆಕಾಶ ಕಡುಬೂದಿಯಾಗಿತ್ತು. ಅಮಾ ವಾಕರ್ ಹಿಡಿದು ಎದ್ದು ನಿಂತು, ಅಂಗಳದ ಕಡೆಗೆ ಗಟ್ಟಿಯಾಗಿ ಹೇಳಿದರು: "ಬನ್ನಿ, ಬನ್ನಿ, ತಪ್ಪಾಯ್ತು. ಒಳಗೆ ಬನ್ನಿ. ನಿಧಾನವಾಗಿ ತಿನ್ನಿ. ಆದರೆ ಸೊಸೆಯ ಬೆಳ್ಳುಳ್ಳಿ ಹೊಲದಲ್ಲಿದೆ, ಮಳೆ ಬರ್ತಾ ಇದೆ. ನೀವೆಲ್ಲ ಇದೇ ಹೊಲದಲ್ಲಿ ಬೆಳ್ಳುಳ್ಳಿ ಕಿತ್ತೋರು, ನಿಮಗೇನು ಹೇಳಬೇಕಾ. ಬಡಿಸೋಕೆ ನಾನಿದೀನಿ, ಹುಡುಗರು ಹೋಗಲಿ." ನಮ್ಮ ಕಡೆ ತಿರುಗಿ, "ಇನ್ನೂ ನಿಂತಿದೀರಲ್ಲ! ಓಡಿ!"

ಓಡಿದೆವು. ಮಾಯ್ ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಅಬಿಂಗ್ ಟೆಂಪೊವನ್ನು ಹೊಲದ ಬದುವಿನ ಮೇಲೇ ಹತ್ತಿಸಿದ. ಒಬ್ಬರು ಬಾಚಿ ಕಂತೆ ಮಾಡುವುದು, ಒಬ್ಬರು ಎತ್ತಿಕೊಡುವುದು, ಒಬ್ಬರು ಜೋಡಿಸುವುದು. ಯಾರೂ ಯಾರಿಗೂ ಹೇಳಲಿಲ್ಲ. ಅಬಿಂಗ್ ಆ ದಿನ ಕೆಲಸ ಮಾಡಿದ ಹಾಗೆ ಮನುಷ್ಯ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ತಲೆ ಎತ್ತಲಿಲ್ಲ, ನೀರು ಕೇಳಲಿಲ್ಲ.

ಒಂದು ಹೊರೆ ಮನೆ ಸೇರುವಷ್ಟರಲ್ಲಿ ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು. ಪಕ್ಕದ ಹೊಲದ ಅಜ್ಜ, ಹಬ್ಬದ ಬಿಳಿ ಅಂಗಿಯಲ್ಲೇ. ಟ್ರೈಲರಿನಲ್ಲಿ ನೀಲಿ ಟಾರ್ಪಾಲುಗಳು, ಅವುಗಳ ಮೇಲೆ ಬೀದಿಯ ಅಜ್ಜಿಯರು. ಅವರವರ ಮನೆಯಲ್ಲಿ ಹಿರಿಯರು ಬೇಗ ತಿಂದು ಮುಗಿಸಿದ್ದರು ಅಂತ ಕಾಣುತ್ತದೆ.

"ಎಲ್ಲರೂ ಎತ್ತಿ ಮುಗಿಸಿದ್ರೂ ನೀನು ಇನ್ನೂ ಮುದ್ದು ಮಾಡ್ತಾ ಇದ್ಯಲ್ಲಾ!" ಅಂತ ಕೂಗುತ್ತಲೇ ಇಳಿದ ಅಜ್ಜ ಒಂದು ಗಡ್ಡೆ ಎತ್ತಿ ನೋಡಿದ. ಇನ್ನೊಂದು ಎತ್ತಿದ. "ಹೂಂ," ಅಂದ. "ಆ ಟಾರ್ಪಾಲು ಗಾಳಿ ಕಡೆಯಿಂದ ಹಾಕ್ರೋ, ಮೊದಲು ಕಲ್ಲಿಡಿ."

ಕೊನೆಯ ಮೂಲೆ ಎತ್ತುವಾಗ ಮಳೆ ಬಿದ್ದೇ ಬಿಟ್ಟಿತು. ಒಣಸಿಪ್ಪೆಯ ಮೇಲೆ ದಪ್ಪ ಹನಿಗಳು. ಆ ವಾಸನೆ ಎದ್ದದ್ದು ಆಗ. ಮಾಯ್ ಒಂದು ಕ್ಷಣ ನಿಂತು ಆಕಾಶ ನೋಡಿದಳು, ಮುಖದ ಮೇಲೆ ನೀರು ಇಳಿಯುತ್ತಿತ್ತು. "ಬಿಡು ಅಕ್ಕ, ಆ ಮೂಲೆ ಹೋಗಲಿ," ಅಂದೆ. ಅವಳು ಬಿಡಲಿಲ್ಲ. ನೆನೆದದ್ದನ್ನೂ ಬೇರೆಯಾಗಿ ಮಡಿಲಲ್ಲಿ ತುಂಬಿಕೊಂಡೇ ಬಂದಳು.

ಅಂಗಳದ ಪಕ್ಕದ ಶೆಡ್ಡು ಸೂರಿನ ತನಕ ತುಂಬಿತ್ತು. ಒದ್ದೆಯಾಗಿ ನಡುಮನೆಗೆ ಬಂದರೆ ಅಮಾ ಮೇಜಿನ ಮುಂದೆ ಹಾಗೇ ಕೂತಿದ್ದರು, ಕೂದಲಲ್ಲಿ ಇನ್ನೂ ಬೂದಿ. ಮುಂಬಾಗಿಲು ಹಾಗೇ ತೆರೆದಿತ್ತು. ಮಳೆಯ ಎರಚಲು ಹೊಸ್ತಿಲು ದಾಟಿ ಬರುತ್ತಿತ್ತು.

"ಒಂದು ಮೂಲೆ ನೆನೀತಮ್ಮ," ಅಂದ ಅಬಿಂಗ್.

"ಅದನ್ನ ನಾವು ತಿನ್ನೋಣ. ಉಳಿದಿದ್ದು ಮನೆ ಸೇರಿತಲ್ಲ." ಅಮಾ ಮುಷ್ಟಿ ಬಿಚ್ಚಿದರು. ನಾಣ್ಯಗಳನ್ನು ಮಗನಿಗೆ ಕೊಡಲಿಲ್ಲ, ಮಾಯ್ ಕೈಗೆ ಕೊಟ್ಟರು. "ನೀನು ಕೇಳು."

ಮಾಯ್ ಹಿಂಜರಿದಳು. ಅಷ್ಟು ವರ್ಷದಲ್ಲಿ ಆ ಮನೆಯ ಹಿರಿಯರ ಜೊತೆ ಅವಳು ನೇರವಾಗಿ ಮಾತಾಡಿದ್ದಿಲ್ಲ. ಒದ್ದೆ ಕೈ ಸೆರಗಿಲ್ಲದ ಅಂಗಿಗೆ ಒರೆಸಿಕೊಂಡು, ಮಣ್ಣಾದ ಮೊಣಕಾಲೂರಿ ಕೂತು, ತನ್ನ ವಿಯೆಟ್ನಾಂ ರಾಗದಲ್ಲಿ ಊರಿನ ಭಾಷೆಯಲ್ಲಿ ಕೇಳಿದಳು: "ತಿಂದಾಯ್ತಾ?"

ಒಂದು ಮೊಗ, ಒಂದು ಬೆನ್ನು.

"ಆಯ್ತು," ಅಂದರು ಅಮಾ. "ಇನ್ನು ನೀವು ತಿನ್ನಿ."

ಬಟ್ಟೆ ಬದಲಿಸಲೂ ಪುರುಸೊತ್ತಿಲ್ಲದೆ ಎಲ್ಲರೂ ಆ ಮೇಜಿಗೇ ಕೂತೆವು. ಅಜ್ಜ, ಬೀದಿಯ ಅಜ್ಜಿಯರು, ನಾವು. ಎಲ್ಲರ ಕೈಗೂ ಬೆಳ್ಳುಳ್ಳಿ ವಾಸನೆ. ತಣ್ಣಗಾದ ಕೋಳಿ, ಮಾರ್ಕೆಟ್ಟಿನ ರೊಟ್ಟಿ. ಅದಕ್ಕಿಂತ ರುಚಿಯಾದ ಹಬ್ಬದೂಟ ನನಗೆ ನೆನಪಿಲ್ಲ.

ಅಬಿಂಗ್‌ನ ಫೋನು ರಿಂಗಾಯಿತು. ತೆರೆಯ ಮೇಲಿನ ಹೆಸರು ನೋಡಿದ, ಬಾಗಿಲ ಬಳಿ ಹೋಗಿ ನಿಂತ.

"ಹೂಂ ಸಾರ್. ಇಲ್ಲ ಸಾರ್, ಹೊಲದ ವಿಷಯ ಇನ್ನು ನನ್ನ ಹತ್ರ ಮಾತಾಡಿ ಪ್ರಯೋಜನ ಇಲ್ಲ. ನನ್ನ ಹೆಂಡತೀನ ಕೇಳಬೇಕು."

ಆ ಕಡೆಯವರು ಏನೋ ಕೇಳಿದರು. ಅಬಿಂಗ್ ತಿರುಗಿ ನೋಡಿದ. ಮಾಯ್ ಎರಡೂ ಕೈಯಲ್ಲಿ ರೊಟ್ಟಿಯ ಸುರುಳಿ ಹಿಡಿದು ಕೆನ್ನೆ ತುಂಬ ಅಗಿಯುತ್ತಿದ್ದಳು.

"ಈಗ ಆಗಲ್ಲ," ಅಂದ ಅವನು. "ಅವಳು ಊಟಕ್ಕೆ ಕೂತಿದಾಳೆ."